ಮೂರು ಸಲ ಓದಿದರೂ ಪರೀಕ್ಷೆಯಲ್ಲಿ ಯಾಕೆ ನೆನಪಾಗುವುದಿಲ್ಲ?

ಪ್ರಶ್ನೆ: ಸರ್, ನಾನು ಹೊಳಲ್ಕೆರೆ ತಾಲ್ಲೂಕಿನ ಹಳ್ಳಿಯವಳು. ದಾವಣಗೆರೆಯಲ್ಲಿ ಹಾಸ್ಟೆಲ್‌ನಲ್ಲಿದ್ದು ದ್ವಿತೀಯ ಪಿಯುಸಿ ಸೈನ್ಸ್ ಓದುತ್ತಿದ್ದೇನೆ. ಪಿಸಿಎಂಬಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಪ್ರತಿ ಚಾಪ್ಟರನ್ನು ಮೂರು ಸಲ ಓದುತ್ತೇನೆ, ಮುಖ್ಯ ಸಾಲಿಗೆಲ್ಲ ಹೈಲೈಟರ್ ಹಾಕುತ್ತೇನೆ. ಓದುವಾಗ ಎಲ್ಲ ಅರ್ಥ ಆಗುತ್ತದೆ. ಆದರೆ ಮಿಡ್ ಟರ್ಮ್ ಫಿಸಿಕ್ಸ್‌ನಲ್ಲಿ 70ಕ್ಕೆ 29 ಬಂತು. ಪೇಪರ್ ನೋಡಿದರೆ ಎಲ್ಲಾ ಓದಿದ್ದೇ. ಹಾಲ್‌ನಲ್ಲಿ ಮಾತ್ರ ನೆನಪಾಗಲಿಲ್ಲ. ನನಗೆ ಜ್ಞಾಪಕಶಕ್ತಿ ಕಮ್ಮಿ ಅಂತ ಅಮ್ಮ ಟಾನಿಕ್ ತಂದುಕೊಟ್ಟಿದ್ದಾರೆ. ಪರೀಕ್ಷೆಗೆ ಇನ್ನು ಹತ್ತು ವಾರ ಇದೆ. ರಿವಿಷನ್ ಹೇಗೆ ಮಾಡಲಿ?

ಉತ್ತರ: ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತಾ ನನಗೆ ಮೂವತ್ತು ವರ್ಷ ಆಯಿತು. ಹಾಗಾಗಿ ನನ್ನ ಕ್ಲಾಸಿನಲ್ಲೇ ಕೂತಿರುವ ಮಗಳು ಅಂದುಕೊಂಡು 'ನೀನು' ಅಂತಲೇ ಬರೆಯುತ್ತೇನಮ್ಮ.

ಮೊದಲು ಟಾನಿಕ್ ವಿಷಯ. ಅಮ್ಮ ಪ್ರೀತಿಯಿಂದ ತಂದಿದ್ದಾರೆ, ಅವರನ್ನು ನೋಯಿಸಬೇಡ. ಆದರೆ ನಿನ್ನ ಜ್ಞಾಪಕಶಕ್ತಿಗೆ ಏನೂ ಆಗಿಲ್ಲ. ಅದಕ್ಕೆ ಸಾಕ್ಷಿ ನಿನ್ನ ಪತ್ರದಲ್ಲೇ ಇದೆ. ಪೇಪರ್ ನೋಡಿದ ಕೂಡಲೇ ಇದು ಓದಿದ್ದೇ ಅಂತ ಗೊತ್ತಾಯಿತಲ್ಲ? ಅದೂ ನೆನಪೇ. ಗುರುತು ಹಿಡಿಯುವ ನೆನಪು. ಪರೀಕ್ಷೆ ಕೇಳುವುದು ಇನ್ನೊಂದನ್ನು. ಎದುರಿಗೆ ಏನೂ ಇಲ್ಲದಾಗ ಒಳಗಿನಿಂದ ಎಳೆದು ತರುವ ನೆನಪನ್ನು.

ನೀನು ದುರ್ಗದ ಕಡೆಯವಳು, ಕೋಟೆ ನೋಡಿರುತ್ತೀಯ. ಗೈಡ್ ಹಿಂದೆ ನಡೆಯುವಾಗ ಎಲ್ಲ ಸಲೀಸು. ಈ ಬಾಗಿಲು, ಆ ತಿರುವು, ಏಕನಾಥೇಶ್ವರಿ ಗುಡಿ, ಅಕ್ಕತಂಗಿ ಹೊಂಡ, ಓಬವ್ವನ ಕಿಂಡಿ. ಎರಡನೇ ಸಲ ಹೋದರೆ ಪ್ರತಿಯೊಂದೂ ಪರಿಚಯದ ಜಾಗವೇ. ಈಗ ಹಾಸ್ಟೆಲ್ ರೂಮಿನಲ್ಲಿ ಕೂತು, ಕೆಳಗಿನ ಬಾಗಿಲಿನಿಂದ ಗುಡಿಯವರೆಗಿನ ದಾರಿಯನ್ನು ಒಂದು ಹಾಳೆ ಮೇಲೆ ಬರೆದು ನೋಡು. ಎರಡು ಬಾಗಿಲು ದಾಟುವಷ್ಟರಲ್ಲಿ ಪೆನ್ನು ನಿಲ್ಲುತ್ತದೆ. ಎಷ್ಟು ಸಲ ಗೈಡ್ ಹಿಂದೆ ನಡೆದರೂ ಇದೇ ಕಥೆ. ಒಂದೇ ಒಂದು ಸಲ ನೀನೇ ಮುಂದೆ ನಡೆದು, ದಾರಿ ತಪ್ಪಿ, ವಾಪಸ್ ಬಂದು ಹುಡುಕಿದ್ದರೆ ಆ ದಾರಿ ಕೂತುಬಿಡುತ್ತಿತ್ತು.

ಪುಸ್ತಕವನ್ನು ಮೂರು ಸಲ ಓದುವುದು ಗೈಡ್ ಹಿಂದೆ ಮೂರು ಸಲ ನಡೆದ ಹಾಗೆ.

ಇದನ್ನು ಸರಿಯಾಗಿ ಅಳತೆ ಮಾಡಿ ನೋಡಿದವರಿದ್ದಾರೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ವಿಜ್ಞಾನದ ಒಂದು ಸಣ್ಣ ಪಾಠ ಕೊಟ್ಟರು. ಒಂದು ಗುಂಪು ನಾಲ್ಕು ಅವಧಿಯೂ ಅದನ್ನೇ ಓದಿತು. ಇನ್ನೊಂದು ಗುಂಪು ಒಂದು ಅವಧಿ ಮಾತ್ರ ಓದಿ, ಉಳಿದ ಮೂರು ಅವಧಿಯಲ್ಲಿ ಪಾಠ ನೋಡದೆ ನೆನಪಾದದ್ದನ್ನು ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದಾಗ ನಾಲ್ಕು ಸಲ ಓದಿದವರೇ ಮುಂದಿದ್ದರು. ಅವರಿಗೆ ನೆನಪಿದ್ದದ್ದು ಶೇಕಡಾ 83, ಬರೆದವರಿಗೆ 71. ಒಂದು ವಾರ ಬಿಟ್ಟು ಮಾಡಿದಾಗ ಪೂರ್ತಿ ತಿರುವುಮುರುವು. ಓದಿದವರಿಗೆ ಶೇಕಡಾ 40, ಬರೆದವರಿಗೆ 61. ನನಗೆ ತುಂಬಾ ಕಾಡಿದ ವಿಷಯ ಇನ್ನೊಂದಿದೆ. ವಾರದ ನಂತರ ನಿಮಗೆ ಎಷ್ಟು ನೆನಪಿರುತ್ತದೆ ಅಂತ ಮೊದಲೇ ಕೇಳಿದಾಗ ಜಾಸ್ತಿ ಧೈರ್ಯದಿಂದ ಹೇಳಿದವರು ನಾಲ್ಕು ಸಲ ಓದಿದವರೇ.

ನಿನಗೆ ಆಗಿದ್ದೂ ಇದೇ. ಮೂರನೇ ಸಲ ಓದುವಾಗ ಸಾಲುಗಳು ಸರಸರ ಹೋಗುತ್ತವೆ, ಬಂತು ಅಂತ ಅನ್ನಿಸುತ್ತದೆ. ಸಲೀಸಾಗಿರುವುದು ಓದು. ಅದನ್ನು ನಾವು ಕಲಿಕೆ ಅಂದುಕೊಳ್ಳುತ್ತೇವೆ. ಇದರಲ್ಲಿ ನನ್ನ ತಪ್ಪೂ ಇದೆ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಫೆಬ್ರವರಿ ಬಂತೆಂದರೆ ರಿವಿಷನ್ ಕ್ಲಾಸ್ ಅಂತ ಇಡೀ ನೋಟ್ಸನ್ನು ಮತ್ತೆ ಬೋರ್ಡ್ ಮೇಲೆ ಬರೆಯುತ್ತಿದ್ದೆ. ಮಕ್ಕಳು ಹೂಂ ಸರ್, ಹೂಂ ಸರ್ ಅಂತ ತಲೆ ಆಡಿಸುತ್ತಿದ್ದರು. ನನಗೂ ಸಮಾಧಾನ, ಅವರಿಗೂ ಸಮಾಧಾನ. ರಿಸಲ್ಟ್ ಬಂದಾಗ ಎಷ್ಟೋ ಮಕ್ಕಳು ಅತ್ತಿದ್ದು ನೋಡಿದ್ದೇನೆ. ಆಮೇಲೆ ಬೋರ್ಡ್ ಮೇಲೆ ಬರೆಯುವುದನ್ನು ಬಿಟ್ಟೆ. ಸೀಮೆಸುಣ್ಣ ಮಕ್ಕಳ ಕೈಗೆ ಕೊಟ್ಟೆ.

ಹಾಗಾದರೆ ನೀನು ಏನು ಮಾಡಬೇಕು ಅಂದರೆ, ಪುಸ್ತಕ ಮುಚ್ಚಬೇಕು.

ಕೆಪಾಸಿಟರ್ ಪಾಠ ತಗೊ. ಒಂದು ಸಲ ಗಮನ ಇಟ್ಟು ಓದು. ಮುಚ್ಚಿಡು. ಖಾಲಿ ಹಾಳೆ ತಗೊಂಡು, ಗಡಿಯಾರ ನೋಡಿ 20 ನಿಮಿಷ, ಗೊತ್ತಿರುವುದನ್ನೆಲ್ಲ ಬರೆ. ವ್ಯಾಖ್ಯೆ, ಚಿತ್ರ, ಸೂತ್ರ, ಯೂನಿಟ್, ಏನು ನೆನಪಾದರೆ ಅದು. ಆಮೇಲೆ ಪುಸ್ತಕ ತೆಗೆದು, ಬಿಟ್ಟುಹೋದದ್ದನ್ನು ಮತ್ತು ತಪ್ಪಿದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸು. ಆ ಕೆಂಪು ಬರಹವೇ ನಿನ್ನ ನಾಳೆಯ ರಿವಿಷನ್. ಕಪ್ಪು ಪೆನ್ನಿನಲ್ಲಿ ಸರಿಯಾಗಿ ಬಂದದ್ದನ್ನು ನಾಳೆ ಮತ್ತೆ ಓದುತ್ತಾ ಕೂರುವುದು ಬೇಡ.

ಡಿರೈವೇಶನ್ ಕೂಡ ಹೀಗೇ. ಪ್ಯಾರಲಲ್ ಪ್ಲೇಟ್ ಕೆಪಾಸಿಟರಿನ ಕೆಪಾಸಿಟೆನ್ಸ್ ಬರೆ ಅಂದರೆ ಹತ್ತು ಸಾಲನ್ನು ಉರು ಹೊಡೆಯುವ ಮಕ್ಕಳೇ ಜಾಸ್ತಿ. ನಡುವೆ ಒಂದು ಸಾಲು ಮರೆತರೆ ಇಡೀ ಉತ್ತರ ಕೈಬಿಟ್ಟಂತೆ. ಅದರ ಬದಲು ದಾರಿ ನೆನಪಿಡು. ಪ್ಲೇಟುಗಳ ನಡುವೆ ಎಲೆಕ್ಟ್ರಿಕ್ ಫೀಲ್ಡ್ ಎಷ್ಟು? ಅದನ್ನು ಪ್ಲೇಟುಗಳ ನಡುವಿನ ದೂರದಿಂದ ಗುಣಿಸಿದರೆ ಪೊಟೆನ್ಶಿಯಲ್ ಡಿಫರೆನ್ಸ್. ಚಾರ್ಜನ್ನು ಅದರಿಂದ ಭಾಗಿಸಿದರೆ ಕೆಪಾಸಿಟೆನ್ಸ್. ಇರುವುದೇ ಮೂರು ಹೆಜ್ಜೆ. ಹೆಜ್ಜೆ ಗೊತ್ತಿದ್ದರೆ ಸಾಲುಗಳನ್ನು ಅಲ್ಲೇ ಕಟ್ಟಬಹುದು. ಪ್ರತಿ ಡಿರೈವೇಶನ್‌ಗೂ ಇಂಥ ಮೂರು ನಾಲ್ಕು ಪ್ರಶ್ನೆ ಬರೆದಿಟ್ಟುಕೊ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೊದಲ ವಾರ ಹಾಳೆ ಅರ್ಧ ಖಾಲಿ ಇರುತ್ತದೆ. ಬರೀ ಕೆಂಪು ಕಾಣುತ್ತದೆ. ಅಳು ಬರುತ್ತದೆ. ಪಕ್ಕದ ಮಂಚದವಳು ಒಂದು ಗಂಟೆಯಲ್ಲಿ 30 ಪೇಜ್ ಮುಗಿಸಿರುತ್ತಾಳೆ, ನೀನು ಆರು ಪೇಜ್. ಆಗ ಮತ್ತೆ ಹೈಲೈಟರ್ ಕಡೆ ಕೈ ಹೋಗುತ್ತದೆ. ದಯವಿಟ್ಟು ಹೋಗಬೇಡ. ನೆನಪಾಗದೆ ಒದ್ದಾಡಿದ ಆ ಎರಡು ನಿಮಿಷವೇ ಕೆಲಸ ಮಾಡುವುದು. ಒದ್ದಾಡಿದ ಮೇಲೆ ಉತ್ತರ ನೋಡಿದರೆ ಅದು ಬೇರೆ ಥರ ಅಂಟಿಕೊಳ್ಳುತ್ತದೆ. ಎರಡು ಮೂರು ವಾರದಲ್ಲಿ ಕೆಂಪು ಕಮ್ಮಿಯಾಗುವುದು ನಿನ್ನ ಕಣ್ಣಿಗೇ ಕಾಣುತ್ತದೆ.

ನೀನು ಕನ್ನಡ ಮೀಡಿಯಂನಿಂದ ಬಂದವಳು ಅಂತ ಬರೆದಿದ್ದೀಯ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಯಾಕೆಂದರೆ ನಮ್ಮ ಭಾಗದಲ್ಲಿ ಸೈನ್ಸ್ ತಗೊಳ್ಳುವ ಹಳ್ಳಿ ಮಕ್ಕಳು ಸೋಲುವುದು ವಿಜ್ಞಾನದಲ್ಲಿ ಅಲ್ಲವೇ ಅಲ್ಲ, ಭಾಷೆಯಲ್ಲಿ. ನಿಮ್ನ ದರ್ಪಣ ಅಂದರೆ ನಿನಗೆ ಚೆನ್ನಾಗಿ ಗೊತ್ತಿತ್ತು. ಕಾನ್ಕೇವ್ ಮಿರರ್ ಅಂದ ಕೂಡಲೇ ಅದು ಹೊಸ ವಸ್ತು ಅನ್ನಿಸಿತು. ರೋಧ ಗೊತ್ತು, ರೆಸಿಸ್ಟೆನ್ಸ್ ಅಂದರೆ ಭಯ. ಅರ್ಥವನ್ನೂ ಇಂಗ್ಲಿಷ್ ವಾಕ್ಯವನ್ನೂ ಒಟ್ಟಿಗೆ ಹಿಡಿಯಲು ಹೋಗಿ, ಕೊನೆಗೆ ವಾಕ್ಯವನ್ನೇ ಬಾಯಿಪಾಠ ಮಾಡುತ್ತೀರಿ. ಬಾಯಿಪಾಠದ ಒಂದು ಪದ ಜಾರಿದರೆ ಎಲ್ಲವೂ ಜಾರುತ್ತದೆ.

ನೀನು ಹೀಗೆ ಮಾಡು. ಪುಸ್ತಕ ಮುಚ್ಚಿದ ಮೇಲೆ ಮೊದಲು ಕನ್ನಡದಲ್ಲೇ ಹೇಳಿಕೊ. ಜೋರಾಗಿ, ನಿಮ್ಮ ಮನೆಯ ಕನ್ನಡದಲ್ಲಿ. 'ಮ್ಯಾಗ್ನೆಟ್ಟನ್ನು ಕಾಯಿಲ್ ಹತ್ತಿರ ತಂದರೆ ಅದರೊಳಗೆ ಹಾದುಹೋಗುವ ಫ್ಲಕ್ಸ್ ಬದಲಾಗುತ್ತೆ, ಆ ಬದಲಾವಣೆಯನ್ನು ತಡೆಯೋ ದಿಕ್ಕಿಗೆ ಕರೆಂಟ್ ಹುಟ್ಟುತ್ತೆ.' ಇಷ್ಟು ಹೇಳಲು ಬಂದರೆ ಲೆನ್ಝ್ (Lenz) ನಿಯಮ ನಿನಗೆ ಬಂತು. ಅದಾದ ಮೇಲೆ ಇಂಗ್ಲಿಷ್‌ನಲ್ಲಿ ಬರೆ. ವಾಕ್ಯ ಸಣ್ಣದಿರಲಿ, ಗ್ರಾಮರ್ ಸ್ವಲ್ಪ ಆಚೀಚೆ ಆದರೂ ಪರವಾಗಿಲ್ಲ. ಮುಖ್ಯ ಪದಗಳು ಮಾತ್ರ ತಪ್ಪಬಾರದು. ಪೇಪರ್ ತಿದ್ದುವಾಗ ನಾವು ಮೊದಲು ನೋಡುವುದು ಆ ಪದಗಳು, ಸೂತ್ರ, ಚಿತ್ರ, ಯೂನಿಟ್. ನೋಟ್‌ಬುಕ್ಕಿನ ಹಿಂದೆ ಎಡಕ್ಕೆ ಕನ್ನಡ ಪದ, ಬಲಕ್ಕೆ ಇಂಗ್ಲಿಷ್ ಪದ ಬರೆದಿಟ್ಟುಕೊ. ಒಂದು ಕಡೆ ಕೈ ಮುಚ್ಚಿ ಇನ್ನೊಂದು ಕಡೆ ಹೇಳುವ ಅಭ್ಯಾಸ ಮಾಡು. ಬಸ್ಸಿನಲ್ಲಿ ಊರಿಗೆ ಹೋಗುವಾಗ ಇಷ್ಟು ಮಾಡಿದರೂ ಸಾಕು.

ಇನ್ನು ಯಾವಾಗ ಓದಬೇಕು ಅನ್ನುವುದು. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಅನ್ನುವ ವಿಜ್ಞಾನಿ ಅರ್ಥವಿಲ್ಲದ ಸಣ್ಣ ಸಣ್ಣ ಪದಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ಲೆಕ್ಕ ಇಟ್ಟರು. 1885ರಲ್ಲಿ ಅದನ್ನು ಪ್ರಕಟಿಸಿದರು. ಮರೆವು ಮೊದಲ ದಿನವೇ ಜೋರಾಗಿರುತ್ತದೆ, ಆಮೇಲೆ ನಿಧಾನವಾಗುತ್ತದೆ ಅಂತ ಅವರು ಕಂಡುಕೊಂಡರು. ಒಂದೇ ದಿನ ಕೂತು ಕಲಿಯುವುದಕ್ಕಿಂತ ದಿನಗಳ ಮೇಲೆ ಹಂಚಿ ಕಲಿತರೆ ಕಮ್ಮಿ ಶ್ರಮ ಸಾಕು ಅಂತಲೂ ಕಂಡುಕೊಂಡರು. ನಿನಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಇಲ್ಲ. ನಿಮ್ಮ ಕಡೆ ಶೇಂಗಾ ಬಿತ್ತಿದವರನ್ನು ಕೇಳು. ಒಂದೇ ರಾತ್ರಿ ಸುರಿದ ಮಳೆ ಹಳ್ಳಕ್ಕೆ ಹರಿದುಹೋಗುತ್ತದೆ. ಅಷ್ಟೇ ನೀರು ಬಿಟ್ಟು ಬಿಟ್ಟು ಹದವಾಗಿ ಬಂದರೆ ನೆಲಕ್ಕೆ ಇಳಿಯುತ್ತದೆ.

ನಿನ್ನ ಹತ್ತಿರ ಹತ್ತು ವಾರ ಇದೆ. ಫಿಸಿಕ್ಸ್‌ನಲ್ಲಿ 14 ಚಾಪ್ಟರ್. ವಾರಕ್ಕೆ ಎರಡರಂತೆ ಏಳು ವಾರ. ಕೊನೆಯ ಮೂರು ವಾರ ಪೂರ್ತಿ ಪೇಪರ್ ಬರೆಯಲು. ಒಂದು ಚಾಪ್ಟರ್ ಮುಗಿದ ದಿನ ಕ್ಯಾಲೆಂಡರ್ ತೆಗೆದು, ಮೂರು ದಿನದ ನಂತರ ಒಂದು ಗುರುತು, ಹತ್ತು ದಿನದ ನಂತರ ಒಂದು, ಒಂದು ತಿಂಗಳ ನಂತರ ಒಂದು ಗುರುತು ಹಾಕು. ಆ ದಿನಗಳಲ್ಲಿ ಆ ಚಾಪ್ಟರನ್ನು ಮತ್ತೆ ಓದಬೇಡ. ಹಾಳೆ ತಗೊಂಡು 15 ನಿಮಿಷ ಬರೆ, ಕೆಂಪು ಪೆನ್ನು ಹಾಕು, ಮುಂದಕ್ಕೆ ಹೋಗು. ಕೆಮಿಸ್ಟ್ರಿ, ಬಯಾಲಜಿಗೂ ಇದೇ ಕ್ರಮ. ಮೂರೋ ಹತ್ತೋ ಅನ್ನುವ ಲೆಕ್ಕ ದೇವರ ಅಪ್ಪಣೆ ಏನಲ್ಲ. ಜಾತ್ರೆ, ಮದುವೆ, ಜ್ವರ ಅಂತ ಎರಡು ದಿನ ಆಚೀಚೆ ಆದರೆ ಏನೂ ಮುಳುಗಿಹೋಗುವುದಿಲ್ಲ. ಸ್ವಲ್ಪ ಮರೆಯುವಷ್ಟು ಸಮಯ ಬಿಡುವುದು, ಪೂರ್ತಿ ಮರೆಯುವ ಮುಂಚೆ ವಾಪಸ್ ಬರುವುದು, ಅಷ್ಟೇ ಮುಖ್ಯ.

ಪ್ರಾಬ್ಲಂ ಮಾಡುವಾಗ ಬಹಳ ಮಕ್ಕಳು ಒಂದು ಕಡೆ ಎಡವುತ್ತಾರೆ. ಗೈಡ್ ಪುಸ್ತಕದಲ್ಲಿ ಒಂದೇ ಥರದ ಇಪ್ಪತ್ತು ಪ್ರಾಬ್ಲಂ ಸಾಲಾಗಿರುತ್ತವೆ. ಮೊದಲನೆಯದು ಕಷ್ಟ, ಎರಡನೆಯದು ಪರವಾಗಿಲ್ಲ, ಐದನೆಯದರಿಂದ ಕೈ ತಾನೇ ಓಡುತ್ತದೆ. ಯಾಕೆಂದರೆ ಯಾವ ಸೂತ್ರ ಹಾಕಬೇಕು ಅಂತ ಪುಟದ ತಲೆಬರಹವೇ ಹೇಳಿಬಿಟ್ಟಿದೆ. ಪರೀಕ್ಷೆಯಲ್ಲಿ ಆ ತಲೆಬರಹ ಇರುವುದಿಲ್ಲ. 2007ರಲ್ಲಿ ಅಮೆರಿಕದ ಸಂಶೋಧಕರಾದ ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ ಇದನ್ನು ಗಣಿತದಲ್ಲಿ ಪರೀಕ್ಷಿಸಿದರು. ನಾಲ್ಕು ಆಕಾರಗಳ ಘನಫಲ ಕಂಡುಹಿಡಿಯುವ ಲೆಕ್ಕಗಳು. ಒಂದೊಂದು ಥರವನ್ನು ಒಟ್ಟಿಗೆ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಶೇಕಡಾ 89 ಸರಿ ಮಾಡಿದರು, ಬೆರೆಸಿ ಮಾಡಿದವರು 60. ವಾರದ ನಂತರದ ಪರೀಕ್ಷೆಯಲ್ಲಿ ಒಟ್ಟಿಗೆ ಮಾಡಿದವರಿಗೆ ಶೇಕಡಾ 20, ಬೆರೆಸಿದವರಿಗೆ 63.

ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಆಲ್ಡಾಲ್ ಕಂಡೆನ್ಸೇಶನ್ ಹತ್ತು ಸಲ ಬರೆದೆ, ಕ್ಯಾನಿಝಾರೋ ರಿಯಾಕ್ಷನ್ ಹತ್ತು ಸಲ ಬರೆದೆ, ಎರಡೂ ಬರುತ್ತದೆ ಅಂದುಕೊಂಡೆ. ಪೇಪರ್‌ನಲ್ಲಿ ಒಂದು ಆಲ್ಡಿಹೈಡ್ ಕೊಟ್ಟು ಸೋಡಿಯಂ ಹೈಡ್ರಾಕ್ಸೈಡ್ ಜೊತೆ ಏನಾಗುತ್ತದೆ ಅಂತ ಕೇಳಿದರೆ ಯಾವುದು ಬರೆಯಬೇಕು? ಅಲ್ಲಿ ನೋಡಬೇಕಾದದ್ದು ಆಲ್ಫಾ ಹೈಡ್ರೋಜನ್, ಅಂದರೆ ಆಲ್ಡಿಹೈಡ್ ಗುಂಪಿನ ಪಕ್ಕದ ಕಾರ್ಬನ್‌ಗೆ ಅಂಟಿದ ಹೈಡ್ರೋಜನ್, ಇದೆಯೋ ಇಲ್ಲವೋ. ಅಸಿಟಾಲ್ಡಿಹೈಡ್‌ನಲ್ಲಿ ಇದೆ, ದುರ್ಬಲ ದ್ರಾವಣದಲ್ಲಿ ಆಲ್ಡಾಲ್. ಫಾರ್ಮಾಲ್ಡಿಹೈಡ್, ಬೆನ್ಝಾಲ್ಡಿಹೈಡ್‌ನಲ್ಲಿ ಇಲ್ಲ, ಪ್ರಬಲ ದ್ರಾವಣದಲ್ಲಿ ಕ್ಯಾನಿಝಾರೋ. ಬೇರೆ ಬೇರೆ ದಿನ ಬರೆದಾಗ ಈ ಪ್ರಶ್ನೆ ನಿನ್ನ ತಲೆಗೇ ಬರುವುದಿಲ್ಲ. ಅದಕ್ಕೆ ನೇಮ್ಡ್ ರಿಯಾಕ್ಷನ್‌ಗಳನ್ನು ಚೀಟಿಯಲ್ಲಿ ಬರೆ. ಒಂದು ಕಡೆ ಏನು ಕೊಟ್ಟಿದ್ದಾರೆ ಅನ್ನುವುದು, ಹಿಂದೆ ಉತ್ತರ. ಡಬ್ಬಿಗೆ ಹಾಕಿ ಕಲಸಿ, ಕೈಗೆ ಸಿಕ್ಕಿದ್ದನ್ನು ತೆಗೆ. ರೂಮಿನವರು ಮೂರು ಜನ ಸೇರಿ ಊಟದ ನಂತರ ಅರ್ಧ ಗಂಟೆ ಇದನ್ನು ಆಡಿದರೆ, ಸುಮ್ನೆ ಕೂತು ಓದುವ ಎರಡು ಗಂಟೆಗಿಂತ ಮೇಲು.

ತಪ್ಪುಗಳಿಗೆ ಒಂದು ಬೇರೆ ನೋಟ್‌ಬುಕ್ ಇಡು. ಮಿಡ್ ಟರ್ಮ್ ಪೇಪರ್‌ನಿಂದಲೇ ಶುರು ಮಾಡು. ಆ 41 ಅಂಕ ಎಲ್ಲಿ ಹೋಯಿತು? ಕೆಲವು ನಿನಗೆ ಗೊತ್ತೇ ಇರಲಿಲ್ಲ. ಕೆಲವು ಗೊತ್ತಿದ್ದೂ ನೆನಪಾಗಲಿಲ್ಲ. ಇನ್ನು ಕೆಲವು ನೆನಪಾಗಿಯೂ ತಪ್ಪಾದವು. ಮೂರಕ್ಕೂ ಔಷಧಿ ಬೇರೆ. ಮೊದಲನೆಯದಕ್ಕೆ ಮೇಷ್ಟ್ರ ಹತ್ತಿರ ಹೋಗಬೇಕು, ಎರಡನೆಯದಕ್ಕೆ ಖಾಲಿ ಹಾಳೆ. ಮೂರನೆಯದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಕಾನ್ಕೇವ್ ಮಿರರ್, ಫೋಕಲ್ ಲೆಂತ್ 15 ಸೆಂಟಿಮೀಟರ್, ವಸ್ತು 10 ಸೆಂಟಿಮೀಟರ್ ದೂರದಲ್ಲಿದೆ. ಎರಡಕ್ಕೂ ಮೈನಸ್ ಹಾಕಿದರೆ ಬಿಂಬ ಕನ್ನಡಿಯ ಹಿಂದೆ 30 ಸೆಂಟಿಮೀಟರ್‌ನಲ್ಲಿ, ಮೂರು ಪಟ್ಟು ದೊಡ್ಡದು. ಒಬ್ಬ ಹುಡುಗಿ ಫೋಕಲ್ ಲೆಂತ್‌ಗೆ ಪ್ಲಸ್ ಹಾಕಿ 6 ಸೆಂಟಿಮೀಟರ್ ತಂದಿದ್ದಳು. 'ಸೈನ್ ಮಿಸ್ಟೇಕ್' ಅಂತ ಬರೆದುಕೊಂಡು ಮುಂದೆ ಹೋಗುತ್ತಿದ್ದಳು. ತಡೆದು ಕೇಳಿದೆ, ಈ 6 ಸೆಂಟಿಮೀಟರ್ ಬಿಂಬ ವಸ್ತುವಿಗಿಂತ ಚಿಕ್ಕದಾ, ದೊಡ್ಡದಾ? ಲೆಕ್ಕ ಮಾಡಿ ಚಿಕ್ಕದು ಅಂದಳು. ಹಿಂದೆ, ನೇರ, ಚಿಕ್ಕದು, ಇದು ಯಾವ ಕನ್ನಡಿ? ಸ್ವಲ್ಪ ಹೊತ್ತು ಬಿಟ್ಟು ಅವಳೇ ಹೇಳಿದಳು, ಸರ್ ಇದು ಕಾನ್ವೆಕ್ಸ್, ಬಸ್ಸಿನ ಸೈಡ್ ಮಿರರ್. ಒಂದು ಪ್ಲಸ್ ಗುರುತಿನಿಂದ ಕನ್ನಡಿಯೇ ಬದಲಾಗಿತ್ತು. ಆ ನಂತರ ಅವಳು ಸೈನ್ ತಪ್ಪಿದ್ದನ್ನು ನಾನು ನೋಡಲಿಲ್ಲ. ನಿನ್ನ ನೋಟ್‌ಬುಕ್ಕಿನಲ್ಲೂ ತಪ್ಪು ಉತ್ತರದ ಜೊತೆ ಅದು ಯಾಕೆ ಆಗಲು ಸಾಧ್ಯವಿಲ್ಲ ಅಂತ ಒಂದು ಸಾಲು ಬರೆ.

ಬಯಾಲಜಿಗೆ ಕೈ ಬೇಕು. ಚಿತ್ರ ನೋಡುವುದು ಬೇರೆ, ನೋಡದೆ ಬಿಡಿಸುವುದು ಬೇರೆ. ಹೂವಿನ ಭ್ರೂಣಚೀಲದಲ್ಲಿ ಏಳು ಕೋಶ, ಎಂಟು ನ್ಯೂಕ್ಲಿಯಸ್ ಅಂತ ಎಲ್ಲರೂ ಹೇಳುತ್ತಾರೆ. ಎಂಟನೆಯದು ಎಲ್ಲಿದೆ ಅಂತ ಬಿಡಿಸಿ ತೋರಿಸುವಾಗಲೇ ನಡುವಿನ ಕೋಶದಲ್ಲಿ ಎರಡಿವೆ ಅನ್ನುವುದು ಗಟ್ಟಿಯಾಗುವುದು.

ಹೈಲೈಟರ್ ಬಗ್ಗೆ ಇಷ್ಟೇ. ಇದ್ದರೆ ಇರಲಿ, ಆದರೆ ಅದನ್ನು ರಿವಿಷನ್ ಅಂತ ಲೆಕ್ಕಕ್ಕೆ ಹಿಡಿಯಬೇಡ.

ಸಿಇಟಿ ಬರೆಯುವ ಆಸೆ ಇದ್ದೇ ಇರುತ್ತದೆ ಅಲ್ವಾ? ಅದಕ್ಕೆ ಅಂತ ಈ ಹತ್ತು ವಾರದಲ್ಲಿ ಬೇರೆ ಓದು ಬೇಡ. ಇಂಜಿನಿಯರಿಂಗ್ ರ‍್ಯಾಂಕ್‌ಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಯಾವುದನ್ನೂ ಖಾಲಿ ಬಿಡಬಾರದು. ಅಭ್ಯಾಸ ಮಾಡುವಾಗ ನಾಲ್ಕು ಆಯ್ಕೆಗಳನ್ನು ಕೈಯಲ್ಲಿ ಮುಚ್ಚಿ, ಮೊದಲು ನಿನ್ನ ಉತ್ತರ ಹೇಳಿ, ಆಮೇಲೆ ಕೈ ತೆಗೆ. ಆಯ್ಕೆ ನೋಡಿ ಗುರುತು ಹಿಡಿಯುವ ಹಳೇ ಚಾಳಿ ಅಲ್ಲೂ ಬರಬಾರದು.

ರಾತ್ರಿ ಎರಡು ಗಂಟೆವರೆಗೆ ಓದಿ ಐದಕ್ಕೆ ಏಳುವ ಪದ್ಧತಿ ನಮ್ಮ ಹಾಸ್ಟೆಲ್‌ಗಳಲ್ಲಿ ಇದೆ. ಅದನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ. ಹಗಲು ಕಲಿತದ್ದನ್ನು ಮೆದುಳು ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲಿ. ನಿನ್ನ ವಯಸ್ಸಿಗೆ 8 ಗಂಟೆ ನಿದ್ದೆ ಬೇಕು. ಪರೀಕ್ಷೆ ದಿನಗಳಲ್ಲೂ 7ಕ್ಕಿಂತ ಕೆಳಗೆ ಇಳಿಯಬೇಡ. ಫೋನನ್ನು ಆ 20 ನಿಮಿಷ ವಾರ್ಡನ್ ಹತ್ತಿರವೋ ಗೆಳತಿಯ ಹತ್ತಿರವೋ ಕೊಡು. ದಿಂಬಿನ ಕೆಳಗಿದ್ದರೆ ಮನಸ್ಸು ದಿಂಬಿನ ಕೆಳಗೇ ಇರುತ್ತದೆ.

ಕೊನೆಯ ಮೂರು ವಾರ ಹಳೆಯ ಪೇಪರ್ ಮತ್ತು ಮಾಡೆಲ್ ಪೇಪರ್ ತಗೊಂಡು ಮೂರು ಗಂಟೆ ಒಂದೇ ಸಮನೆ ಕೂತು ಬರೆ. ಸಾಧ್ಯವಾದರೆ ಪರೀಕ್ಷೆ ನಡೆಯುವ ಹೊತ್ತಿನಲ್ಲೇ. ವಾರಕ್ಕೆ ಪ್ರತಿ ವಿಷಯಕ್ಕೆ ಒಂದು ಸಾಕು, ಆದರೆ ಬರೆದದ್ದನ್ನು ಅದೇ ದಿನ ತಿದ್ದಲೇಬೇಕು. ಪ್ರಾಕ್ಟಿಕಲ್ ಕಡೆಯ 30 ಅಂಕವನ್ನು ಮರೆಯಬೇಡ. ರೆಕಾರ್ಡ್ ನೋಡದೆ ಸರ್ಕ್ಯೂಟ್ ಬಿಡಿಸಲು ಬಂದರೆ ಅರ್ಧ ಭಯ ಅಲ್ಲೇ ಹೋಗುತ್ತದೆ.

ಹಾಲ್‌ನಲ್ಲಿ ಮತ್ತೆ ಏನೂ ನೆನಪಾಗದಿದ್ದರೆ? ಆಗಬಹುದು. ಆಗ ಕೂತು ಆ ಪ್ರಶ್ನೆಯನ್ನೇ ದಿಟ್ಟಿಸಬೇಡ. ಅದಕ್ಕೆ ಸಂಬಂಧಪಟ್ಟ ಚಿತ್ರ ಒಂದನ್ನು ಪೆನ್ಸಿಲ್‌ನಲ್ಲಿ ಬಿಡಿಸು, ಕೊಟ್ಟಿರುವ ಸಂಖ್ಯೆಗಳನ್ನು ಯೂನಿಟ್ ಜೊತೆ ಬರೆ. ಬಹಳ ಸಲ ಅಷ್ಟಕ್ಕೇ ದಾರಿ ತೆರೆಯುತ್ತದೆ. ತೆರೆಯದಿದ್ದರೆ ಜಾಗ ಬಿಟ್ಟು ಮುಂದಿನದಕ್ಕೆ ಹೋಗಿ, ಆಮೇಲೆ ವಾಪಸ್ ಬಾ. 2024ರಿಂದ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇಟ್ಟಿದ್ದಾರೆ. ಯಾವುದರಲ್ಲಿ ಜಾಸ್ತಿ ಅಂಕ ಬಂದಿದೆಯೋ ಅದನ್ನೇ ಹಿಡಿಯುತ್ತಾರೆ. ಮನೆಯಲ್ಲಿ ಅಪ್ಪ ಅಮ್ಮನಿಗೂ ಇದನ್ನು ಹೇಳಿಟ್ಟಿರು, ಅವರ ಎದೆಯೂ ಸ್ವಲ್ಪ ಹಗುರಾಗುತ್ತದೆ.

ಪ್ರಿಪರೇಟರಿ ಪೇಪರ್ ಕೈಗೆ ಬಂದ ಮೇಲೆ ನನಗೆ ಮತ್ತೆ ಬರೆ. ಅಂಕದ ಜೊತೆ, ಯಾವ ಪ್ರಶ್ನೆಯಲ್ಲಿ ಯಾಕೆ ಅಂಕ ಹೋಯಿತು ಅಂತ ಬರೆದು ಕಳಿಸು. ಅದನ್ನು ನೋಡಿ ಉಳಿದ ವಾರಗಳಲ್ಲಿ ಏನು ಬಿಡಬೇಕು, ಏನು ಹಿಡಿಯಬೇಕು ಅಂತ ಹೇಳುತ್ತೇನೆ.